ಹಗಲಿಗೆ ಬೊಂಜೂರ್

ಸಂಜೆ ಕಾರಿನ ಬಾಗಿಲು ಮುಚ್ಚಿದ ಸದ್ದಾದರೆ, ಹಿಂದೆಯೇ ಯಾರೋ ‘ಬೊನ್‌ಸ್ವಾರ್’ ಎಂದಂತೆ ನನಗೆ ಈಗಲೂ ಕೇಳಿಸುತ್ತದೆ.

ರಿಸೆಷನ್ನಿನ ಆ ವರ್ಷ ಅಮೆರಿಕದ ವಿಕ್ಸಮ್‌ನಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನಲ್ಲಿ ಮೈಸೂರಿನ ಇಂಜಿನಿಯರೊಬ್ಬರಿದ್ದರು. ಕೆಲಸ ಹೋದರೆ ವೀಸಾ ಕೂಡ ಹೋಗುವ ಕಾಲ. ಹಾಗೇನಾದರೂ ಆದರೆ ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಮಾಂಟ್ರಿಯಲ್ ಇದೆಯಲ್ಲ ಎಂದು, ಡಿಯರ್‌ಬಾರ್ನ್‌ನ ಆಫೀಸಿಗೆ ಡ್ರೈವ್ ಮಾಡುತ್ತಾ ಲೈಬ್ರರಿಯ ಸೀಡಿ ಹಾಕಿಕೊಂಡು ಫ್ರೆಂಚ್ ಕಲಿಯುತ್ತಿದ್ದರು. ಪಾಠ ನಮಸ್ಕಾರ ದಾಟಿ ಮುಂದೆ ಹೋದಂತೆ ಕಾಣಲಿಲ್ಲ.

ಹಗಲಿಗೆ ಬೊಂಜೂರ್, ಸಂಜೆಗೆ ಬೊನ್‌ಸ್ವಾರ್, ಮಕ್ಕಳಿಗೆ ಮಾತ್ರ ಸಲ್ಯೂ. ನನ್ನ ಮಗಳು “ಹಾಯ್ ಅಂಕಲ್” ಎಂದರೆ, ಅವಳು ಸಲ್ಯೂ ಎನ್ನುವ ತನಕ ಕಿವಿ ಕೇಳದವರಂತೆ ನಿಂತಿರುತ್ತಿದ್ದರು. ಯಾರಾದರೂ ನೇರವಾಗಿ ಮಾತಿಗಿಳಿದರೆ ಅಂಗೈ ಎತ್ತಿ ತಡೆಯುತ್ತಿದ್ದರು. “ಅಲ್ಲಿ ಅಂಗಡೀಲಿ ಬ್ರೆಡ್ ಕೇಳೋಕ್ಕೂ ಮುಂಚೆ ನಮಸ್ಕಾರ ಹೇಳ್ಬೇಕಂತೆ ಕಣ್ರೀ. ಮೊದ್ಲು ಅದು, ಆಮೇಲೆ ಮಿಕ್ಕಿದ್ದು.” ನಾವಿಬ್ಬರು ಸಿಗುತ್ತಿದ್ದದ್ದು ಆಫೀಸು ಮುಗಿದ ಮೇಲೆಯೇ. ಹಾಗಾಗಿ ನಮ್ಮದು ಯಾವಾಗಲೂ ಬೊನ್‌ಸ್ವಾರ್.

ಒಂದು ಮಂಗಳವಾರ ಜ್ವರವೆಂದು ನಾನು ಮನೆಯಲ್ಲೇ ಇದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಕಸ ಹಾಕಲು ಕೆಳಗಿಳಿದಾಗ ಅವರ ಕಾರು ಬಂದು ನಿಂತಿತು. ಇಳಿದವರ ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಕಾಫಿ ಮಗ್, ಆಫೀಸಿನ ಮೇಜಿನ ಮೇಲಿಡುವಂಥ ಪುಟ್ಟ ಗಣಪತಿ.

“ಅಯ್ಯೋ, ಏನಾಯ್ತು ಸಾರ್?” ಎಂದೆ.

ಅವರು ಪೆಟ್ಟಿಗೆಯನ್ನು ಬಾನೆಟ್ ಮೇಲಿಟ್ಟು ಅಂಗೈ ಎತ್ತಿದರು.

“ಮೊದ್ಲು ಅದು.”

ಅಭ್ಯಾಸಬಲದಿಂದ ನಾನು ಬೊನ್‌ಸ್ವಾರ್ ಎಂದುಬಿಟ್ಟೆ.

“ಇನ್ನೂ ಹಗಲಿದೆ ಕಣ್ರೀ,” ಎಂದು ಮೆಲ್ಲಗೆ ತಿದ್ದಿದರು. “ಬೊಂಜೂರ್.”