ಒಂದು ಪುಟಕ್ಕೆ ಒಂದು ಮನೆ

ಮಾರ್ಥಾಬಾಯಿಯವರು ಚಪ್ಪಲಿ ಮೆಟ್ಟಿಕೊಂಡೇ ಪಾಠಕ್ಕೆ ಕೂಡುತ್ತಿದ್ದರು. ಅರ್ಧ ಪಾಠ ಮನೆಯ ಕಟ್ಟೆಯ ಮೇಲೆ, ಉಳಿದರ್ಧ ಊರೊಳಗೆ. ಬೈಬಲ್ಲಿನ ಒಂದು ಪುಟ ಓದಿ ಮುಗಿಸಿದರೆ ಪುಸ್ತಕಕ್ಕೆ ಬಟ್ಟೆ ಸುತ್ತಿ, ಮಗಳು ಹನ್ನಾಳ ಕೈ ಹಿಡಿದು ಜೋರಾಪುರ ಪೇಟೆಯ ಓಣಿಗೆ ಇಳಿಯುವರು. ದೀಪದ ಎಣ್ಣೆ ತೀರಿದ ಕನ್ಯೆಯರ ಕತೆ ಓದಿದ ದಿನ ಗಾಣಿಗರ ಮನೆ. ಕುಂಬಾರನ ಕೈಯ ಮಣ್ಣಿನ ಮಾತು ಬಂದ ದಿನ ಕುಂಬಾರರ ತಿಗರಿಯ ಮುಂದೆ. “ಒಂದು ಪುಟಕ್ಕ ಒಂದು ಮನಿ” ಎನ್ನುವರು. ಅವರ ಕನ್ನಡ ಪೇಟೆಯ ಹೆಣ್ಣುಮಕ್ಕಳಿಂದ ಕಲಿತದ್ದು. ಕಣ್ಣು ಮುಚ್ಚಿಕೊಂಡು ಕೇಳಿದರೆ ನಮ್ಮ ಅಜ್ಜಿ, ಆಯಿಯೇ ಮಾತಾಡಿದಂತೆ ಇರುತ್ತಿತ್ತು.

ಅವರು ಸ್ವೀಡನ್ ದೇಶದವರು. ಗಂಡ ವಿಜಾಪುರದಲ್ಲೇ ಕಾಲರಾದಿಂದ ತೀರಿಕೊಂಡಿದ್ದರು. ನಾವೆಲ್ಲ ಬಾಯಾರು ಎಂದು ಕರೆಯುತ್ತಿದ್ದ ಅವರು ಸೂಲಗಿತ್ತಿಯ ವಿದ್ಯೆ ಬಲ್ಲವರಾದ್ದರಿಂದ ಹೆಂಗಸರ ಔಷಧಾಲಯ ನಡೆಸಿಕೊಂಡು ಇಲ್ಲೇ ಉಳಿದಿದ್ದರು. ಅದು ಯುದ್ಧದ ಕಾಲ. ತಾಯ್ನಾಡಿನ ಕಾಗದಗಳು ಬರುವುದು ನಿಂತಿತ್ತು. ಬಿಳಿಯರ ಮಕ್ಕಳೆಲ್ಲ ದೂರದ ಬೆಟ್ಟದ ಮೇಲಿನ ವಸತಿ ಶಾಲೆಗೆ ಹೋಗುತ್ತಿದ್ದರು. ಬಾಯಾರು ಮಾತ್ರ ಮಗಳನ್ನು ಕಳಿಸಲಿಲ್ಲ. ತಾನು ಹುಟ್ಟಿದ ಊರನ್ನು ಅರಿಯದವಳು ದೇವರನ್ನು ಹೇಗೆ ಅರಿತಾಳು ಎಂಬುದು ಅವರ ವಾದ.

ನಾನು ಪಕ್ಕದ ಮನೆಯ ಕಾಳಿನ ವ್ಯಾಪಾರಿಯ ಮಗಳು, ನೀಲವ್ವ. ನಾಲ್ಕನೆಯ ಇಯತ್ತೆಗೆ ನನ್ನ ಸಾಲಿ ಬಿಡಿಸಿದ್ದರು. ನಮ್ಮ ಗೋಡೆಯ ಮೇಲಿಂದ ನಾನು ಇಣುಕುವುದನ್ನು ಬಾಯಾರು ಮೂರು ದಿನ ನೋಡಿದರು. ನಾಲ್ಕನೆಯ ದಿನ, ಗೋಡೆ ಬಿದ್ದೀತು, ಈ ಕಡೆ ಬಂದು ಕೂಡಬೇ ಎಂದರು. ಆಗ ನನಗೆ ಹನ್ನೊಂದು, ಹನ್ನಾಳಿಗೆ ಹತ್ತು.

ಒಂದು ಸೋಮವಾರ ಟಾಂಗಾದಲ್ಲಿ ನಮ್ಮಿಬ್ಬರನ್ನೂ ಇಟ್ಟಂಗಿಹಾಳಕ್ಕೆ ಕರೆದೊಯ್ದರು. ಬಿತ್ತನೆಯ ಹಂಗಾಮು. ಆದರೂ ಎತ್ತುಗಳು ಬೇವಿನ ನೆರಳಲ್ಲಿ ಮೆಲುಕು ಹಾಕುತ್ತ ಮಲಗಿದ್ದವು. ಇಷ್ಟು ಕೆಲಸ ಇಟ್ಟುಕೊಂಡು ಯಾಕೆ ಹೂಡಿಲ್ಲ ಎಂದು ಬಾಯಾರು ಮುದುಕ ರೈತನೊಬ್ಬನನ್ನು ಗೊತ್ತಿಲ್ಲದವರಂತೆ ಕೇಳಿದರು.

“ಸೋಮವಾರ ಬಸವಣ್ಣನ ದಿನಾರಿ. ಆರು ದಿನಾ ಅವು ನಮಗ ದುಡೀತಾವ. ಒಂದ ದಿನಾನೂ ಬ್ಯಾಡೇನ್ರಿ?”

ಬಾಯಾರು ಅಲ್ಲೇ ಪುಸ್ತಕ ಬಿಚ್ಚಿ, ಏಳನೆಯ ದಿನ ನಿನ್ನ ಎತ್ತೂ ಕತ್ತೆಯೂ ದುಡಿಯಬಾರದು ಎಂಬ ಆಜ್ಞೆಯನ್ನು ಅವನಿಗೆ ಓದಿ ಹೇಳಿದರು. ಮುದುಕ ತಲೆದೂಗಿದ.

“ಹಂಗಾರ ನಿಮ್ಮ ದೇವರೂ ಒಕ್ಕಲುತನಾ ಮಾಡಿದವನ ಇರಬೇಕ್ ಬಿಡ್ರಿ.”

ಮರಳುವ ದಾರಿಯುದ್ದಕ್ಕೂ ಬಾಯಾರು ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ ಮಗಳಿಗೆ ಹೇಳಿದರು: “ದೇವರು ನಮ್ಮ ಹಡಗದಾಗ ಕುಂತು ಈ ದೇಶಕ್ಕ ಬಂದಿಲ್ಲ ಹನ್ನಾ. ನಮಗಿಂತ ಮದ್ಲ ಬಂದಾನ.”

ಮುಂದಿನದನ್ನು ನಿಧಾನವಾಗಿ ಹೇಳಬೇಕು. ಅದರಲ್ಲಿ ನಾನೂ ಇದ್ದೇನೆ.

ಎಳ್ಳ ಅಮಾವಾಸ್ಯೆಗೆ ನಾವು ಘೋಣಸಗಿಯ ನಮ್ಮ ಹೊಲಕ್ಕೆ ಹೊರಟಿದ್ದೆವು. ಹಿಂದಿನ ದಿನ ಬಾಯಾರು, ಬೆಳೆಯ ಮೊದಲ ಪಾಲನ್ನು ಬುಟ್ಟಿಯಲ್ಲಿಟ್ಟು ದೇವರಿಗೆ ಒಪ್ಪಿಸುವ ಪುಟವನ್ನು ಓದಿಸಿದ್ದರು. ಅದನ್ನು ಕಣ್ಣಾರೆ ನೋಡಲೆಂದು ಮಗಳೊಂದಿಗೆ ನಮ್ಮ ಗಾಡಿಯಲ್ಲೇ ಬಂದರು. ಟಿಕೋಟಾದಲ್ಲಿ ಒಬ್ಬ ಬಸುರಿಗೆ ಬೇನೆ ಎದ್ದಿದೆ ಎಂದು ಜನ ಗಾಡಿ ತಡೆದರು. ಬಾಯಾರು ಅಲ್ಲೇ ಇಳಿದರು. ಹನ್ನಾಳನ್ನು ನಮ್ಮ ಆಯಿಯ ಕೈಗೆ ಒಪ್ಪಿಸಿದರು.

ಹೊಲದಲ್ಲಿ ಜೋಳ ಆಳೆತ್ತರ ನಿಂತಿತ್ತು. ಹನ್ನಾ ನಮ್ಮವರ ಹಿಂದೆ ಓಡಾಡಿ, ಅನ್ನ ಕಡಬು ಪಲ್ಯ ಕಲಸಿದ ಚರಗವನ್ನು ಬೆಳೆಗೆ ಚೆಲ್ಲಿದಳು. ಬನ್ನಿಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲು, ನಮ್ಮ ಪಾಂಡವರು. ಎಲ್ಲರೂ ನಮಸ್ಕರಿಸುವಾಗ ಅವಳು ಕೈಕಟ್ಟಿ ನಿಂತಳು. ನನಗೆ ಅವಮಾನವೆನಿಸಿತು. “ತಲಿ ಬಾಗಸಬೇ, ನಮ್ಮ ಹೊಲಾ ಐತಿ” ಎಂದು ಅವಳ ಕತ್ತಿನ ಮೇಲೆ ಕೈಯಿಟ್ಟು ಒತ್ತಿದೆ. ಅವಳು ಬಾಗಿದಳು. ಬೇರೆ ಯಾರೂ ನೋಡಲಿಲ್ಲ.

ತಿಂಗಳೊಪ್ಪತ್ತಿಗೆ, ಬಾಯಾರ ಮೇಲಿನ ಹಿರಿಯ ಪಾದ್ರಿಯೊಬ್ಬರು ಹನ್ನಾಳ ಪರೀಕ್ಷೆಗೆ ಬಂದರು. ಅವರು ಒಪ್ಪಿದರೆ ಹುಡುಗಿ ತಾಯಿಯ ಹತ್ತಿರ, ಒಪ್ಪದಿದ್ದರೆ ಬೆಟ್ಟದ ಶಾಲೆಗೆ. ಬಾಯಾರು ಅದನ್ನು ನಮ್ಮಿಬ್ಬರಿಗೂ ಮೊದಲೇ ಹೇಳಿದ್ದರು.

ಹನ್ನಾ ಲೆಕ್ಕ ಬಿಡಿಸಿದಳು, ನಕ್ಷೆ ಬರೆದಳು, ಹತ್ತು ಆಜ್ಞೆಗಳನ್ನು ತಡವರಿಸದೆ ಒಪ್ಪಿಸಿದಳು. ವಿಶ್ರಾಂತಿಯ ದಿನದ ಅರ್ಥ ಕೇಳಿದಾಗ ಇಟ್ಟಂಗಿಹಾಳದ ಎತ್ತುಗಳ ಸಂಗತಿ ಹೇಳಿದಳು, ಜೊತೆಗೆ ನಮ್ಮ ಹೊಲಕ್ಕೆ ಬಂದದ್ದನ್ನೂ. ಪಾದ್ರಿಗಳು ನಕ್ಕರು. ಎಲ್ಲ ಗೆದ್ದಂತೆಯೇ ಇತ್ತು. ಅವರು ಕಟ್ಟೆಯ ತುದಿಯಲ್ಲಿದ್ದ ನನ್ನ ಕಡೆ ತಿರುಗಿ, ನಿಮ್ಮ ಹೊಲದಲ್ಲಿ ಇವಳು ಏನೇನು ಮಾಡಿದಳು ಮಗು ಎಂದು ಅಕ್ಕರೆಯಿಂದ ಕೇಳಿದರು. ನನ್ನನ್ನೂ ಕೇಳಿದರಲ್ಲ ಎಂಬ ಹಿಗ್ಗಿನಲ್ಲಿ ಎಲ್ಲ ಹೇಳಿದೆ. ಚರಗ ಚೆಲ್ಲಿದ್ದನ್ನು ಹೇಳಿದೆ. ಕಲ್ಲಿಗೆ ನಮಸ್ಕಾರ ಮಾಡಿದ್ದನ್ನೂ ಹೇಳಿದೆ.

ಅವರ ಲೇಖನಿ ನಿಂತಿತು. “ಯಾರಾದರೂ ಮಾಡಿಸಿದರೋ, ತಾನಾಗಿಯೇ ಮಾಡಿದಳೋ?”

ಏನೋ ಕೆಟ್ಟಿತು ಎಂದು ಆಗ ತಿಳಿಯಿತು. ಹೆದರಿದೆ. “ಯಾರೂ ಮಾಡಿಸಿಲ್ರಿ” ಎಂದೆ.

ಹನ್ನಾ ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ಬಾಯಾರೂ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಏನೋ ತೂಗಿ ನೋಡುತ್ತಿದ್ದಂತೆ ಇತ್ತು. ಬಳಿಕ ಪಾದ್ರಿಗಳಿಗೆ, ಮಗಳ ಜೊತೆಗಿರಬೇಕಾದವಳು ನಾನು, ಇರಲಿಲ್ಲ, ತಪ್ಪು ನನ್ನದು ಎಂದಷ್ಟೇ ಹೇಳಿದರು.

ಹದಿನೈದು ದಿನಗಳಲ್ಲಿ ಹನ್ನಾಳನ್ನು ರೈಲು ಹತ್ತಿಸಿದರು. ಮರುದಿನ ನಾನು ಮನೆಯೊಳಗೆ ಅಡಗಿ ಕುಳಿತಿದ್ದೆ. ಪಾಠದ ಹೊತ್ತಿಗೆ ಸರಿಯಾಗಿ ಗೋಡೆಯಾಚೆಯಿಂದ, ನೀಲವ್ವಾ, ಹೊತ್ತಾತು ಎಂಬ ಕೂಗು ಬಂತು. ಹೋದೆ. ಅವರ ಕಣ್ಣು ಬಾತಿದ್ದವು, ಕಾಲಲ್ಲಿ ಚಪ್ಪಲಿ ಇದ್ದವು.

ಮೂರು ವರ್ಷ ಅವರು ನನಗೊಬ್ಬಳಿಗೇ ಪಾಠ ಹೇಳಿದರು. ಔಷಧದ ಪೆಟ್ಟಿಗೆ ಹೊತ್ತು ಬಬಲೇಶ್ವರಕ್ಕೆ ಹೋಗುವಾಗ ಬಸ್ಸಿನಲ್ಲೂ ಇಂಗ್ಲಿಷ್ ಓದಿಸಿದರು. ಅಪ್ಪ ಗೊಣಗಿದರೆ, ನಿಮ್ಮ ಮಗಳು ಬಾಣಂತಿಯರ ಚೀಟಿ ಬರೆಯುತ್ತಾಳೆ, ನನಗೆ ಅವಳು ಬೇಕು ಎಂದು ಬಾಯಿ ಮುಚ್ಚಿಸಿದರು. ನಿನ್ನ ದೇವರನ್ನು ಬಿಡು ಎಂದು ಒಮ್ಮೆಯೂ ಹೇಳಲಿಲ್ಲ.

ಯುದ್ಧ ಮುಗಿದ ಮೇಲೆ, ಬೆಟ್ಟದ ಶಾಲೆಯಿಂದ ಮಗಳನ್ನು ಕರೆದುಕೊಂಡು ತಾಯ್ನಾಡಿಗೆ ಹೋಗಲು ಹೊರಟರು. ಟಾಂಗಾ ಬಾಗಿಲಲ್ಲಿ ನಿಂತಿತ್ತು. ನಾನು ಆಗ ಹೇಳಿದೆ, ತಲೆ ಬಾಗಿಸಿದ್ದು ನನ್ನ ಕೈ ಎಂದು.

“ಗೊತ್ತೈತಿ. ಘೋಣಸಗಿಯಿಂದ ಬಂದ ದಿನಾನ ಹನ್ನಾ ಹೇಳಿದ್ಲು.”

“ಮತ್ತ ಪಾದ್ರಿ ಸಾಹೇಬರ ಮುಂದ ಯಾಕ ಹೇಳಲಿಲ್ರಿ?”

“ಹೇಳಿದ್ರ ಹನ್ನಾ ಉಳೀತಿದ್ಲು, ನಿನ್ನ ಈ ಕಟ್ಟಿ ಹತ್ತಾಕ ಬಿಡ್ತಿದ್ದಿಲ್ಲ. ಆಕಿಗೆ ಬೆಟ್ಟದ ಮ್ಯಾಲರೆ ಒಂದು ಸಾಲಿ ಇತ್ತು. ನಿನಗ ಎಲ್ಲಿತ್ತವ್ವಾ?”

ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ. ಕೈಚೀಲದಿಂದ ಕಾಗದ, ಪೆನ್ನು ತೆಗೆದು ಮುಂದಿಟ್ಟು, ಅಳೂದು ಆಮ್ಯಾಲ, ಮದ್ಲ ಆಕಿಗೆ ಬರಿ ಎಂದರು. ಬರೆದೆ. ಅವರು ಅದನ್ನು ಓದದೆ ಮಡಿಚಿ ಬೈಬಲ್ಲಿನೊಳಗೆ ಇಟ್ಟುಕೊಂಡು ಟಾಂಗಾ ಹತ್ತಿದರು.

ಹನ್ನಾಳಿಂದ ಉತ್ತರ ಬರಲಿಲ್ಲ. ಬಾಯಾರು ಕಾಗದ ಕೊಟ್ಟಿರಲಿಕ್ಕಿಲ್ಲ ಎಂದು ಮಾತ್ರ ನನಗೆ ಒಂದು ದಿನವೂ ಅನಿಸಿಲ್ಲ.