ಅತ್ತೆಯ ಗೂಡಿನಲ್ಲಿದ್ದ ಲಿಂಕು

ನಮ್ಮ ಮನೆಯ ಫೋನಿನಲ್ಲಿ ವೆಬ್ ಪುಟಗಳನ್ನು ಉಳಿಸಿಡುವ ಜಾಗವನ್ನು ಮೊದಲ ಸಲ ತೆರೆದು ನೋಡಿದಾಗ ಸಂತೆ ಮುಗಿದ ಮೇಲಿನ ಬಯಲು ಕಂಡಂತಾಯಿತು. ತೊಗರಿಯ ಧಾರಣೆ, ವಾಡಿಗೆ ಹೋಗುವ ರೈಲಿನ ವೇಳೆ, ಯಾವುದೋ ದೇವಸ್ಥಾನದ ನೇರ ದರ್ಶನ, ಹಳೆಯ ಬೈಕು ಮಾರುವವರ ಪುಟ, ಎಂಟನೆಯ ತರಗತಿಯ ವಿಜ್ಞಾನದ ಪಾಠ, ಮೊಣಕಾಲು ನೋವಿನ ಎಣ್ಣೆ, ಎಲ್ಲ ಒಂದರ ಮೇಲೊಂದು ಬಿದ್ದಿದ್ದವು. ಇಂಥದ್ದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಾಡುವ ಕೆಲಸ ಮಾಸ್ತರಿಕೆ, ಸ್ವಭಾವವೂ ಅದೇ. ಕರಿಹಲಗೆಯ ಮೂಲೆಯಲ್ಲಿ ನಿನ್ನೆಯ ಒಂದು ಅಕ್ಷರ ಉಳಿದಿದ್ದರೂ ನನಗೆ ಪಾಠ ಶುರು ಮಾಡಲು ಆಗುವುದಿಲ್ಲ.

ದೊಡ್ಡ ಫೋನು ಮನೆಗೆಲ್ಲ ಒಂದೇ. ನನ್ನ ಗಂಡ ಮಳಖೇಡದ ಹತ್ತಿರ ಸಿಮೆಂಟ್ ಕಾರ್ಖಾನೆಗೆ ಹೋಗುವಾಗ ಗುಂಡಿ ಒತ್ತುವ ಹಳೆಯ ಸೆಟ್ಟು ಒಯ್ಯುತ್ತಾರೆ. ಸೇಡಂನಿಂದ ಚಿತ್ತಾಪುರದ ಶಾಲೆಗೆ ದಿನಾ ರೈಲಿನಲ್ಲಿ ಹೋಗಿಬರುವ ನನ್ನದೂ ಅಂಥದ್ದೇ. ದೊಡ್ಡ ಫೋನು ಮನೆಯಲ್ಲಿ ಅತ್ತೆಯ ಹತ್ತಿರ ಇರುತ್ತದೆ. ಹೆಸರಿಗೆ ಎಲ್ಲರದು, ಹಗಲೆಲ್ಲ ಅವರದೇ ರಾಜ್ಯ.

ಅತ್ತೆಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಅಡುಗೆಯ ಪುಟಗಳೆಂದರೆ ಪ್ರಾಣ. ಕಲಿಯಲಿಕ್ಕಲ್ಲ, ತಪ್ಪು ಹುಡುಕಲಿಕ್ಕೆ! ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಫೋನು ಮುಂದೆ ಹಿಡಿಯುತ್ತಿದ್ದರು. "ನೋಡಿಲ್ಲಿ, ಪುಂಡಿಪಲ್ಯಾಕ ಸಕ್ರಿ ಹಾಕಾಕತ್ತಾಳ. ಇಕಿ ಅತ್ತಿ ಯಾರೋ ಏನೋ, ಪಾಪ!" ಹಾಗೆ ತೋರಿಸಬೇಕೆಂದೇ ಆ ಪುಟ ಹುಡುಕಲು ಅವರಿಗೆ ಅರ್ಧ ತಾಸು ಹಿಡಿಯುತ್ತಿತ್ತು. ಸಿಗದಿದ್ದರೆ ಸಿಟ್ಟು ನನ್ನ ಮೇಲೆ.

ಒಂದು ಭಾನುವಾರ ಸೆರಗು ಸಿಗಿಸಿ ಕುಳಿತೆ. ಪುಟಗಳನ್ನು ಹೇಗೆ ವಿಂಗಡಿಸುವುದು ಎಂದು ಯೋಚಿಸುತ್ತಿದ್ದಾಗ ಕಣ್ಣು ಗೋಡೆಯ ಕಡೆ ಹೋಯಿತು. ನಮ್ಮದು ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆ. ಪಡಸಾಲೆಯ ಗೋಡೆಯಲ್ಲಿ ಸಾಲಾಗಿ ಗೂಡುಗಳಿವೆ, ಮನೆಯವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು. ಅತ್ತೆಯ ಗೂಡಿನಲ್ಲಿ ವಿಭೂತಿ ಗಟ್ಟಿ, ಅಡಕೆ ಡಬ್ಬಿ, ಬೀಗದ ಕೈ. ಗಂಡನ ಗೂಡಿನಲ್ಲಿ ಬಾಚಣಿಕೆ, ಗಡ್ಡದ ಸಾಮಾನು. ನಾನು ಈ ಮನೆಗೆ ಬಂದ ದಿನವೇ ಅತ್ತೆ ಒಂದು ಖಾಲಿ ಗೂಡನ್ನು ಒರೆಸಿ ತೋರಿಸಿದ್ದರು. "ಇದು ನಿಂದು. ಇದ್ರಾಗ ನಾನೂ ಕೈ ಹಾಕಂಗಿಲ್ಲ."

ಹಾಕಲೂ ಇಲ್ಲ. ನಮ್ಮ ಮನೆಯಲ್ಲಿ ಗೂಡಿನ ಕಾನೂನು ಎರಡೇ. ಇನ್ನೊಬ್ಬರ ಗೂಡಿಗೆ ಕೈ ಹಾಕಬಾರದು. ಯಾರ ಗೂಡಿನಲ್ಲಿ ಏನು ಇದೆಯೋ ಅದು ಅವರದು. ಒಮ್ಮೆ ನನ್ನ ಗಂಡ ಆತುರದಲ್ಲಿ ಹೊಸ ಬಾಚಣಿಕೆಯನ್ನು ಅತ್ತೆಯ ಗೂಡಿನಲ್ಲಿಟ್ಟು ಹೋದರು. ಸಂಜೆ ಕೇಳಿದರೆ, "ನನ್ನ ಗೂಡಿನ್ಯಾಗ ಇತ್ತಲ್ಲ, ನಂದೇ" ಎಂದು ಅತ್ತೆ ಅದರಲ್ಲೇ ತಲೆ ಬಾಚುತ್ತ ಕುಳಿತರು. ಗಂಡ ಬಾಯಿ ಮುಚ್ಚಿಕೊಂಡು ಹೋಗಿ ಬೇರೆಯದು ತಂದರು.

ಫೋನಿನಲ್ಲೂ ಹಾಗೆಯೇ ಮೂರು ಫೋಲ್ಡರ್ ಮಾಡಿದೆ. ಹೆಸರು ಕೊಟ್ಟೆ: ಅತ್ತೆಯ ಗೂಡು, ಇವರ ಗೂಡು, ನನ್ನ ಗೂಡು. ಯಾರ ಪುಟ ಯಾರದೋ ಅಲ್ಲಿಗೆ ಸರಿಸಿದೆ. ಪುಟ ತೆರೆದು ಮೇಲಿನ ನಕ್ಷತ್ರದಂಥ ಚುಕ್ಕಿ ಒತ್ತಿದರೆ ಉಳಿಯುತ್ತದೆ, ಆಮೇಲೆ ಗೂಡು ಆರಿಸಬೇಕು ಎಂದು ಅತ್ತೆಗೆ ಕಲಿಸಿದೆ. ಕಲಿತದ್ದೇ ತಡ, ಬೆಕ್ಕು ಹಾಲಿನ ರುಚಿ ಕಂಡಂತಾಯಿತು. ಕಂಡದ್ದಕ್ಕೆಲ್ಲ ಚುಕ್ಕಿ ಹಾಕಿದರು. ಮೆಮೊರಿ ತುಂಬಿದೆ ಎಂದು ಫೋನು ಗೋಳಾಡಿದಾಗ ಮೆಸೇಜುಗಳನ್ನು ಅಳಿಸುವುದನ್ನೂ ಕಲಿತರು. ಅದನ್ನು ಕಸ ಗುಡಿಸುವುದು ಎನ್ನುತ್ತಿದ್ದರು. ಅಂಗಳ ಗುಡಿಸಿದಂತೆ ಬೆಳಿಗ್ಗೆ ಎದ್ದು ಅದನ್ನೂ ಗುಡಿಸಿಬಿಡುತ್ತಿದ್ದರು.

ಆ ವರ್ಷ ಹಬ್ಬದ ಮುಂಚೆ ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಂಡಿತು. ಮೊದಲು ಕಂಡವರು ಅತ್ತೆಯೇ. ಹೂವು ಮುಡಿಸುವಾಗ ಕೈ ತಾಗಿ, "ಇದೇನಿದು?" ಎಂದರು. ನುಂಗುವಾಗ ಅದು ಮೇಲೆ ಕೆಳಗೆ ಆಡುತ್ತಿತ್ತು. ಶಹಾಬಾದಿಗೆ ಶನಿವಾರಕ್ಕೊಮ್ಮೆ ಬಂದು ಕೂರುವ ಡಾಕ್ಟರಮ್ಮ ಮುಟ್ಟಿ ನೋಡಿ, ಕಲಬುರಗಿಯಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಲು ಬರೆದುಕೊಟ್ಟರು. ಕೆಟ್ಟದ್ದೋ ಒಳ್ಳೆಯದ್ದೋ ಆಗ ತಿಳಿಯುತ್ತದೆ ಎಂದರು. ಕೆಟ್ಟದ್ದು ಎಂದರೆ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಕಲಬುರಗಿಗೆ ಹೋಗಿ ಚುಚ್ಚಿಸಿಕೊಂಡು ಬಂದೆ. ಅಲ್ಲಿನ ಲ್ಯಾಬಿನವರು ಈಗ ರಸೀದಿ ಬಿಟ್ಟರೆ ಬೇರೆ ಕಾಗದ ಕೊಡುವುದಿಲ್ಲ. ರಿಪೋರ್ಟಿನ ಲಿಂಕು ಮೆಸೇಜಿನಲ್ಲಿ ಬರುತ್ತದೆ ಎಂದರು. ನನ್ನ ಸಣ್ಣ ಸೆಟ್ಟಿನಲ್ಲಿ ಅದು ತೆರೆಯುವುದಿಲ್ಲ, ಅದಕ್ಕೆ ಮನೆಯ ಫೋನಿನ ನಂಬರು ಕೊಟ್ಟೆ. ಆಮೇಲೆ ಕಾಯುವ ಕೆಲಸ. ಪಾಠ ಮಾಡುವಾಗ ಕೈ ತನ್ನಷ್ಟಕ್ಕೆ ಕುತ್ತಿಗೆಗೆ ಹೋಗುತ್ತಿತ್ತು. ಹುಡುಗಿಯರು ನನ್ನ ಸರ ನೋಡುತ್ತಿದ್ದಾರೇನೋ ಎಂದುಕೊಂಡು ಕೈ ತೆಗೆಯುತ್ತಿದ್ದೆ. ರಾತ್ರಿ ಅನ್ನ ಇಳಿಯುತ್ತಿರಲಿಲ್ಲ. ಗಂಟಿನಿಂದಲೋ ಹೆದರಿಕೆಯಿಂದಲೋ, ದೇವರಿಗೇ ಗೊತ್ತು.

ಗುರುವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಅತ್ತೆ ಮನೆಯಲ್ಲಿರಲಿಲ್ಲ. ಚಿಂಚೋಳಿಯ ಆಚೆ ಕುಂಚಾವರಂ ಕಡೆ ಅವರ ತಂಗಿಯ ಮನೆ, ಅಲ್ಲಿ ಬಸುರಿ ಮೊಮ್ಮಗಳಿಗೆ ಕುಬಸ. ಹೋಗುವುದು ಮೊದಲೇ ಗೊತ್ತಿತ್ತು. ಆ ಕಾಡಿನೂರಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ಫೋನು ಮನೆಯಲ್ಲೇ ಬಿಟ್ಟಿದ್ದರು. ನಾನು ಕೈಕಾಲು ಸಹ ತೊಳೆಯದೆ ಫೋನು ತೆಗೆದೆ. ಮೆಸೇಜುಗಳೆಲ್ಲ ಖಾಲಿ. ಹೋಗುವ ಮುಂಚೆ ಚೊಕ್ಕಟವಾಗಿ ಗುಡಿಸಿ ಹೋಗಿದ್ದರು!

ಲ್ಯಾಬಿಗೆ ಫೋನು ಮಾಡಿದೆ. "ಲಿಂಕ್ ಮುಂಜಾನೇನೇ ಕಳ್ಸೀವಲ್ರಿ ಮೇಡಂ. ಮತ್ತ ಕಳಸ್ಬೇಕಂದ್ರ ಕಂಪ್ಯೂಟರ್ ನೋಡವ್ರು ಹಬ್ಬಕ್ಕ ಊರಿಗಿ ಹೋಗ್ಯಾರ. ಸೋಮವಾರ ನೋಡಮು" ಎಂದರು. ಸೋಮವಾರವೆಂದರೆ ಈ ಶನಿವಾರದ ಡಾಕ್ಟರು ತಪ್ಪಿದರು, ಇನ್ನೂ ಒಂದು ವಾರ ಈ ಗಂಟನ್ನು ಹೊತ್ತು ಕೂರಬೇಕು. ನನಗೆ ಅತ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಪುಂಡಿಪಲ್ಯಕ್ಕೆ ಚುಕ್ಕಿ ಹಾಕಲು ಬರುತ್ತದೆ, ನನ್ನ ಜೀವದ ಕಾಗದಕ್ಕೆ ಬರಲಿಲ್ಲವೇ ಎಂದು ಕೂಗಾಡಿದೆ.

ಗಂಡ ಸಮಾಧಾನದಿಂದ, "ನಿನ್ನ ಗೂಡಿನ್ಯಾಗ ಇಟ್ಟಾರೇನು ನೋಡು" ಎಂದರು. ನನ್ನ ಗೂಡಿನಲ್ಲಿ ಪಾಠಗಳು ಬಿಟ್ಟರೆ ಏನೂ ಇರಲಿಲ್ಲ. ತಮ್ಮ ಗೂಡನ್ನು ಅವರೇ ತೆರೆದು ತೋರಿಸಿದರು. ಬರೀ ಬೈಕುಗಳು.

"ಅವ್ವನ ಗೂಡು ನೋಡು."

ಬೆರಳು ಅಲ್ಲಿಗೆ ಹೋಗಿ ನಿಂತಿತು. "ನೀವೇ ತೆಗೀರಿ" ಎಂದೆ.

"ನಾ ಒಲ್ಲೆ. ಸಣ್ಣಾಂವಿದ್ದಾಗ ಆ ಗೂಡಿಗಿ ಕೈ ಹಾಕಿ ತಿಂದ ಏಟು ಇನ್ನಾ ನೆನಪದ."

"ಇದು ಗ್ವಾಡಿ ಅಲ್ಲ, ಫೋನು!"

"ಹಂಗಾದ್ರ ನೀನೇ ತೆಗಿ."

ನಾನು ತೆಗೆಯಲಿಲ್ಲ. ವಿಜ್ಞಾನ ಹೇಳುವ ಮೇಡಂ ಫೋನಿನೊಳಗಿನ ಫೋಲ್ಡರಿಗೆ ಹೆದರಿದಳು ಎಂದು ನಗಬೇಡಿ. ನನ್ನ ಕಾಗದವನ್ನು ಅತ್ತೆ ತಮ್ಮ ಗೂಡಿನಲ್ಲಿ ಏಕೆ ಇಡುತ್ತಾರೆ, ಇಟ್ಟರೆ ನನ್ನದರಲ್ಲಿ ಇಡುತ್ತಿದ್ದರು ಎಂದು ನನ್ನ ಲೆಕ್ಕ. ಇನ್ನೂ ಖರೆ ಹೇಳಬೇಕೆಂದರೆ, ಸಿಕ್ಕಿಬಿಟ್ಟರೆ ಓದಬೇಕಾಗುತ್ತದಲ್ಲ ಎಂಬ ಭಯವೂ ಇತ್ತು. ಅತ್ತೆಯ ಗೂಡು ಒಳ್ಳೆಯ ನೆಪವಾಯಿತು.

ಮರುದಿನ ಹಬ್ಬದ ರಜೆ. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಅತ್ತೆ! ಕುಬಸಕ್ಕೆ ಬಳೆ ತರಲು ಚಿಂಚೋಳಿಗೆ ಬಂದವರು ಬಳೆ ಅಂಗಡಿಯವನ ಫೋನು ಇಸಿದುಕೊಂಡಿದ್ದರು.

"ಆ ಸೂಜಿ ಚುಚ್ಚಿದ್ದು ಬಂದದ. ನೋಡಿದೇನು?"

"ಎಲ್ಲಿ ನೋಡ್ಲಿ? ಎಲ್ಲಾ ಗುಡಿಸಿ ಹೋಗೀರಲ್ಲ!"

"ಗುಡಿಸೋಕ್ಕಿಂತ ಮೊದ್ಲ ತೆಗೆದು ಚುಕ್ಕಿ ಹಾಕೀನಿ. ಲ್ಯಾಬಿನ ರಸೀದಿ ಮ್ಯಾಲಿನ ಚಿತ್ರನೇ ಅದರ ಮ್ಯಾಲೂ ಇತ್ತು, ಗುರ್ತ ಸಿಕ್ತು. ನನ್ನ ಗೂಡಿನ್ಯಾಗ ಅದ."

"ನಿಮ್ಮ ಗೂಡಿನ್ಯಾಗ?"

"ಹೂಂ. ಕೈ ಹಾಕು. ನಾನೇ ಹೇಳಾಕತ್ತೀನಲ್ಲ."

ಹಿಟ್ಟಿನ ಕೈ ಸೀರೆಗೆ ಒರೆಸಿ ಅತ್ತೆಯ ಗೂಡು ತೆರೆದೆ. ದೇವರ ದರ್ಶನಗಳ ಕೆಳಗೆ, ಸಕ್ಕರೆ ಹಾಕಿದ ಪುಂಡಿಪಲ್ಯದ ಪಕ್ಕದಲ್ಲಿ ನನ್ನ ರಿಪೋರ್ಟು ಕೂತಿತ್ತು. ಒತ್ತಿದೆ. ಪುಟ ತೆರೆಯಲು ಸುತ್ತು ಹೊಡೆಯುತ್ತಲೇ ಇತ್ತು, ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ತೆರೆದ ಮೇಲೆ ಮೇಲಿನದೆಲ್ಲ ಹಾರಿಸಿ ಕೊನೆಯ ಸಾಲಿಗೆ ಇಳಿದೆ. ಅಪಾಯದ ಜೀವಕೋಶಗಳು ಕಂಡಿಲ್ಲ ಎಂಬ ಅರ್ಥದ ಮಾತಿತ್ತು. ಪಾಠ ಹೇಳುವಾಗ ನಾನೇ ಮಕ್ಕಳಿಗೆ ಬಿಡಿಸಿ ಹೇಳುವಂಥ ಇಂಗ್ಲಿಷ್ ಅದು. ಆದರೂ ನಂಬಿಕೆ ಬರಲಿಲ್ಲ. ಗಂಡನನ್ನು ಕರೆದು ಓದಿಸಿದೆ. ಅವರು ಕೂಡಿಸಿ ಕೂಡಿಸಿ ಓದಿ, "ಛಲೋನೇ ಬರ್ದಾರಲ್ಲ?" ಎಂದು ನನ್ನನ್ನೇ ಕೇಳಿದರು.

ಶನಿವಾರ ಶಹಾಬಾದಿನಲ್ಲಿ ಡಾಕ್ಟರಮ್ಮ ಫೋನಿನ ಪರದೆಯನ್ನು ಸರಿಸಿ ಸರಿಸಿ ಓದಿದರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. "ಗಂಟು ಅದ, ಆದ್ರ ಕೆಟ್ಟ ಗಂಟಲ್ಲ. ಹೆದರಬ್ಯಾಡ್ರಿ. ಆಗಾಗ ಬಂದು ತೋರಿಸ್ರಿ, ಸಾಕು" ಎಂದರು. ಹೊರಗೆ ಬಂದು ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ವಾಡಿ ಸ್ಟೇಷನ್ನಿನಲ್ಲಿ ಸೇಡಂ ಗಾಡಿಗೆ ಕಾಯುವಾಗ ಮಿರ್ಚಿ ಭಜಿ ಕೊಂಡು, ಗಂಡನಿಗೂ ಕೊಡದೆ ತಿಂದೆ. ಎಷ್ಟು ಸಲೀಸಾಗಿ ಇಳಿಯುತ್ತಿತ್ತು! ಗಂಟು ಅಲ್ಲೇ ಇತ್ತು, ಆದರೆ ಗಂಟಲಿಗೆ ಅದರ ಪರಿವೆಯೇ ಇರಲಿಲ್ಲ. ಖಾರಕ್ಕೋ ಖುಷಿಗೋ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪಕ್ಕದಲ್ಲಿ ಕುಳಿತ ಮುದುಕಿಯೊಬ್ಬಳು ನೀರಿನ ಬಾಟಲಿ ಚಾಚಿದಳು. ಇಷ್ಟು ಹಗುರಾಗಿ ನಾನು ರೈಲು ಹತ್ತಿದ್ದು ನೆನಪಿಲ್ಲ.

ಮನೆಗೆ ಬಂದಾಗ ಅತ್ತೆಯೂ ಆಗ ತಾನೇ ಊರಿಂದ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಚೀಲ ಬಿಚ್ಚಿರಲಿಲ್ಲ, ನೀರು ಕುಡಿದಿರಲಿಲ್ಲ. ನನ್ನ ಗಂಡ ಬಾಗಿಲಲ್ಲೇ, "ಏನೂ ಇಲ್ಲಂತ ಅವ್ವಾ, ಎಲ್ಲಾ ಛಲೋ ಅದ" ಎಂದರು. ಅತ್ತೆ "ಹೌದೇನು" ಎಂದಷ್ಟೇ ಹೇಳಿ ಎದ್ದು, ಗೂಡಿನಿಂದ ವಿಭೂತಿ ತೆಗೆದು ಮೊದಲು ನನ್ನ ಹಣೆಗೆ ಹಚ್ಚಿ ಆಮೇಲೆ ತಾವು ಹಚ್ಚಿಕೊಂಡರು.

ನನಗೆ ಸಂತೋಷದಲ್ಲೂ ಜಗಳವಾಡುವ ಚಟ. "ಅಲ್ರಿ ಅತ್ತಿ, ನನ್ನ ಗೂಡು ಬಾಜೂಕೇ ಇತ್ತಲ್ಲ. ಅದ್ರಾಗ ಇಟ್ಟಿದ್ರ ನಾ ಒಂದು ರಾತ್ರಿ ಸಾಯೋದು ತಪ್ತಿತ್ತು. ನಿಮ್ಮದ್ರಾಗ ಯಾಕ ಇಟ್ರಿ?"

ಅತ್ತೆ ಚೀಲ ಬಿಚ್ಚುತ್ತ ಕುಬಸದ ಎಲೆ ಅಡಕೆ ಹೊರಗೆ ತೆಗೆದರು. ನನ್ನ ಕಡೆ ನೋಡಲಿಲ್ಲ.

"ಅದ್ರಾಗ ಏನು ಬರ್ದದಂತ ನನಗ ಓದಾಕ ಬರ್ಲಿಲ್ಲ. ಕೆಟ್ಟದ್ದಿದ್ರ ನಂದಾಗ್ಲಿ ಅಂತ ನನ್ನ ಗೂಡಿನ್ಯಾಗ ಇಟ್ಟೆ."

ನಾನು ಫೋನು ತೆಗೆದು ಅವರ ಮುಂದೆ ಇಟ್ಟೆ. ಅವರು ಸೆರಗಿನಲ್ಲಿ ಫೋನಿನ ಪರದೆ ಒರೆಸಿ ನನ್ನ ಕೈಗೆ ಕೊಟ್ಟರು.

"ಈಗ ನಿನ್ನ ಗೂಡಿಗಿ ಒಯ್ಯಿ. ಈಗ ಅದು ನಿಂದು."