ಪರವಾನಗಿ ಇಲ್ಲದ ಅಜ್ಜಿ

ಗೆಳೆಯರೇ, ಸುಬಾಂಗ್ ಜಯಾದ ನಮ್ಮ ಮನೆಯ ಟೀವಿಯೊಳಗೆ ಇಂದು ಅಜ್ಜಿಯೊಬ್ಬರು ಸಿಕ್ಕಿಬಿದ್ದರೆಂದು ಅತ್ಯಂತ ಗಂಭೀರವಾಗಿ ತಿಳಿಸುತ್ತೇನೆ. ನಾನು ಬಾಡಿಗೆಗಿರುವ ಮನೆಯ ಒಡತಿ ಶೈಲಾ ಆಂಟಿಯ ತೀರಿಹೋದ ತಾಯಿ ಅವರು. ಹಿಂದೊಮ್ಮೆ ಬ್ರಿಕ್‌ಫೀಲ್ಡ್ಸ್ ಪೇಟೆಯಲ್ಲಿ ಹೂ ಕೊಳ್ಳುವಾಗ ಟೀವಿಯವರ ಮೈಕಿಗೆ ಎರಡು ಮಾತಾಡಿದ್ದರು. ಆಂಟೆನಾದಲ್ಲಿ ಬಂದ ಆ ಕಾರ್ಯಕ್ರಮವನ್ನು ಆಂಟಿ ರೆಕಾರ್ಡ್ ಮಾಡಿಟ್ಟು ದಿನವೂ ಹಾಕುತ್ತಿದ್ದರು. ಅಜ್ಜಿಯ ದನಿ ಉಳಿದಿದ್ದುದು ಅದರಲ್ಲಿ ಮಾತ್ರ.

ಬೆಳಿಗ್ಗೆ ರೆಕಾರ್ಡಿಂಗ್ ಪೆಟ್ಟಿಗೆ ತಾನಾಗಿಯೇ ಅಪ್‌ಡೇಟ್ ಆಯಿತು. ಈಗ ರೆಕಾರ್ಡಿಂಗ್‌ಗಳ ಪಟ್ಟಿಯ ಪುಟ್ಟ ಚಿತ್ರದಲ್ಲಿ ಅಜ್ಜಿ ಬಾಯಿ ತೆರೆದು ನಮ್ಮನ್ನೇ ನೋಡುತ್ತಾರೆ; ಒತ್ತಿದರೆ ಪರದೆ ಕಪ್ಪಾಗುತ್ತದೆ.

“ಕಾಪಿ ಪ್ರೊಟೆಕ್ಟೆಡ್ ಲಾ, ಅಮ್ಮಾ. ನೋ ಪರ್ಮಿಷನ್,” ಎಂದಳು ಆಂಟಿಯ ಮಗಳು ಅನನ್ಯಾ, ಇಲ್ಲಿನವರಂತೆ ಮಾತಿಗೊಂದು ‘ಲಾ’ ಅಂಟಿಸಿ.

“ನಮ್ಮಮ್ಮನ್ನ ನೋಡೋಕೆ ಯಾರ ಪರ್ಮಿಷನ್ನೇ?” ಆಂಟಿ ಮತ್ತೆ ಮತ್ತೆ ಒತ್ತಿದರು.

ಸೋಫಾ ಹಿಂದಿನಿಂದ ಅಜ್ಜಿಯಂತೆ ಕೆಮ್ಮೋಣವೆಂದು ನಾನು ಗಂಟಲು ಸಿದ್ಧ ಮಾಡಿಕೊಂಡೆ. ಅಷ್ಟರಲ್ಲಿ ಅನನ್ಯಾ ಪಿಸುಗುಟ್ಟಿದಳು: “ಅಮ್ಮಾ, ಡೋಂಟ್ ಮೂವ್.”

ಕಪ್ಪು ಗಾಜಿನಲ್ಲಿ ಅಜ್ಜಿ ಕುಳಿತಿದ್ದರು. ಆಂಟಿ ಕೈ ಎತ್ತಿದರು; ಅವರೂ ಎತ್ತಿದರು.

“ಇಲ್ಲೇ ಇದ್ದೀಯೇನಮ್ಮಾ?” ಎಂದರು ಆಂಟಿ. ದನಿಯೂ ಅಜ್ಜಿಯದೇ.

ನಾನು ಕೆಮ್ಮಲಿಲ್ಲ. ನಕಲು ತಡೆಯಲು ಇಷ್ಟೆಲ್ಲ ಬೀಗ ಜಡಿದ ಮಹನೀಯರು ಹೆತ್ತ ಮಗಳಿಗೆ ಬೀಗ ಹಾಕುವುದನ್ನು ಮರೆತಿದ್ದಾರೆ.